ಕೊರಳಲ್ಲಿ ಟೈ, ಬಾಯಲ್ಲಿ ಬರ

ಇವತ್ತು ರಾಜಕೀಯ ಇಲ್ಲ, ಡಿಬೇಟ್ ಇಲ್ಲ, ಕಿರುಚಾಟನೂ ಇಲ್ಲ. ಇವತ್ತಿನ ವಿಷಯ ನನ್ನ ಕೊರಳಲ್ಲಿ ನೇತಾಡ್ತಾ ಇರೋ ಈ ಮೂರಿಂಚು ಅಗಲದ ಬಟ್ಟೆ.

ಇದಕ್ಕೆ ಕಾರಣ ಒಂದು ವಾಟ್ಸ್ಆ್ಯಪ್ ಮೆಸೇಜು. 2023ರ ಬರ ನಿಮಗೆ ನೆನಪಿರಬೇಕು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಣೆ ಮಾಡಿತ್ತು. ನನ್ನ ಊರಿರುವ ಯಲಬುರ್ಗಾ, ಪಕ್ಕದ ಕುಷ್ಟಗಿ, ಎಲ್ಲವೂ ಆ ಪಟ್ಟಿಯಲ್ಲಿದ್ದವು. ರಾತ್ರಿ ಒಂಬತ್ತರ ಬುಲೆಟಿನ್‌ನಲ್ಲಿ ಆ ಪಟ್ಟಿ ಓದಿ, ಮೇಕಪ್ ಒರೆಸಿಕೊಂಡು ಫೋನ್ ನೋಡಿದರೆ ಕುಷ್ಟಗಿ ತಾಲ್ಲೂಕಿನ ವೀಕ್ಷಕರೊಬ್ಬರು ಬರೆದಿದ್ದರು: ‘ತಮ್ಮಾ, ನೀ ನಮ್ಮ ಜಿಲ್ಲಾದಾಂವ ಅಂತ ದಿನಾ ನೋಡ್ತೀವಿ. ಇಲ್ಲಿ ಸಜ್ಜಿ ಒಣಗಿ ನಿಂತೈತಿ. ನೀ ಕೊಳ್ಳಿಗೆ ರೇಶ್ಮಿ ಕಟಗೊಂಡು ಬರಗಾಲದ ಸುದ್ದಿ ಓದ್ತಿ. ಹೆಂಗ ಅನಸ್ತೈತಿ ನಿನಗ?’

ಬೈಗುಳದ ಮೆಸೇಜುಗಳು ನಮಗೆ ದಿನಕ್ಕೆ ನೂರು ಬರುತ್ತವೆ. ಬ್ಲಾಕ್ ಮಾಡಿ ಮಲಗ್ತೀವಿ. ಆದರೆ ಇದು ಬೈಗುಳ ಅಲ್ಲ, ಪ್ರಶ್ನೆ. ಅವತ್ತು ಉತ್ತರ ಕೊಡೋಕೆ ಆಗಲಿಲ್ಲ. ಇವತ್ತು ಪ್ರಯತ್ನ ಮಾಡ್ತೀನಿ.

ಮೊದಲು ತಪ್ಪೊಪ್ಪಿಗೆ. ನಾನು ಹಳೇ ಟೈಗಳನ್ನು ಸಂಗ್ರಹ ಮಾಡ್ತೀನಿ. ಹಳೇ ಅಂದರೆ ನನಗಿಂತ ಹಳೇವು. 1940, 50, 60ರ ದಶಕದ ಅಮೆರಿಕನ್ ಟೈಗಳು, ಜೊತೆಗೆ ಎರಡು ಹಳೆಯ ಕೋಟು. ನ್ಯೂಜೆರ್ಸಿಯಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಅಲ್ಲಿನ ಸೆಕೆಂಡ್‌ಹ್ಯಾಂಡ್ ಬಟ್ಟೆ ಅಂಗಡಿಗಳಲ್ಲಿ ಎರಡು ಮೂರು ಡಾಲರ್‌ಗೆ ಆರಿಸಿ ಇಟ್ಟಿರ್ತಾನೆ, ಊರಿಗೆ ಬರುವಾಗ ಸೂಟ್‌ಕೇಸ್‌ನ ಮೂಲೆಯಲ್ಲಿ ತುರುಕಿಕೊಂಡು ಬರ್ತಾನೆ. ಕೆಲವನ್ನು ಆನ್‌ಲೈನ್‌ನಲ್ಲಿ ದುಬಾರಿ ಕೊಟ್ಟು ಕೊಂಡಿದ್ದೀನಿ. ನನ್ನ ಹೆಂಡತಿ ಆ ಕಪಾಟಿಗೆ ‘ಸತ್ತವರ ಕಪಾಟು’ ಅಂತ ಹೆಸರಿಟ್ಟಿದ್ದಾಳೆ. ತಪ್ಪೇನಿಲ್ಲ, ಬಹುತೇಕ ನಿಜ.

ಈ ಹುಚ್ಚು ಶುರುವಾಗಿದ್ದು ಒಂದು ಫೋಟೋದಿಂದ. ನಮ್ಮ ಅಪ್ಪನ ಮದುವೆಯ ಹೊಸತರ ಫೋಟೋ, ಗಂಗಾವತಿಯ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು, 1984. ಅಪ್ಪ ಕೋಟು ಹಾಕಿ ಟೈ ಕಟ್ಟಿ ನಿಂತಿದ್ದಾರೆ. ಅಪ್ಪ ಜೀವಮಾನದಲ್ಲಿ ಕೋಟು ಹೊಲಿಸಿದವರಲ್ಲ! ಕೇಳಿದರೆ, ‘ಸ್ಟುಡಿಯೋದ್ದು’ ಅಂದರು. ಆ ಕಾಲದ ಸ್ಟುಡಿಯೋಗಳಲ್ಲಿ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿಯ ಪಕ್ಕದಲ್ಲೇ ಗೂಟಕ್ಕೆ ಒಂದು ಕೋಟು, ಒಂದು ಟೈ ನೇತಾಡ್ತಿರುತ್ತಿತ್ತು. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಫೋಟೋಕ್ಕೆ ಮಾತ್ರ. ಆಮೇಲೆ ಗಮನಿಸಿದೆ: ನಮ್ಮ ದೊಡ್ಡಪ್ಪನ ಫೋಟೋದಲ್ಲೂ ಅದೇ ಟೈ. ಓಣಿಯ ಇನ್ನೊಬ್ಬರ ಮನೆ ಗೋಡೆ ಮೇಲೂ ಅದೇ ಟೈ. ಮೂರು ಮನೆಯ ಗಂಡಸರು, ಒಂದೇ ಟೈ.

ಆ ಟೈ ಎಲ್ಲಿಯದು ಅಂತ ತಿಳಿದುಕೊಳ್ಳಬೇಕು ಅನ್ನಿಸಿತು. ಸ್ಟುಡಿಯೋ ಯಾವಾಗಲೋ ಮುಚ್ಚಿ ಅಲ್ಲೀಗ ಮೊಬೈಲ್ ಅಂಗಡಿ ಇದೆ. ಉಳಿದಿದ್ದು ಫೋಟೋ ಒಂದೇ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಟಿವಿಯಲ್ಲಿ ಕೂತವನು ನಾನು; ಕೆಟ್ಟು ನಿಂತ ಯಂತ್ರವನ್ನು ಬಿಚ್ಚಿ ನೋಡುವ ಚಟ ಹೋಗಿಲ್ಲ. ಹಾಗಾಗಿ ಮೊದಲು ಟೈ ಅನ್ನೋದು ಏನು ಅಂತ ಬಿಚ್ಚಿ ನೋಡಿದೆ.

ಅಕ್ಷರಶಃ ಬಿಚ್ಚಿದೆ. ಹೊಲಿಗೆ ಬಿಡಿಸಿದೆ. ಮೇಲೆ ರೇಷ್ಮೆ, ಒಳಗೆ ಉಣ್ಣೆಯ ಅಸ್ತರು, ಹಿಂದೆ ಮಧ್ಯದಲ್ಲಿ ಉದ್ದಕ್ಕೂ ಕೈಯಲ್ಲಿ ಹಾಕಿದ ಒಂದೇ ಒಂದು ಸಡಿಲ ದಾರ. ಒಳ್ಳೆಯ ಟೈ ಆದರೆ ಆ ದಾರದ ತುದಿ ಚಿಕ್ಕ ಕುಣಿಕೆಯಾಗಿ ಒಳಗೆ ಉಳಿದಿರುತ್ತೆ. ಗಂಟು ಬಿಗಿದಾಗ ಇಡೀ ಟೈ ಆ ದಾರದ ಮೇಲೆ ಸ್ವಲ್ಪ ಜಾರಿ, ಬಿಚ್ಚಿದಾಗ ಮತ್ತೆ ಸ್ವಸ್ಥಾನಕ್ಕೆ ಬರಲಿ ಅಂತ ಈ ಏರ್ಪಾಡು. ಮಷಿನ್‌ನಲ್ಲಿ ಬಿಗಿಯಾಗಿ ಹೊಲಿದ ಟೈ ನಾಲ್ಕು ಸಲ ಕಟ್ಟಿದರೆ ಹಗ್ಗದ ಹಾಗೆ ತಿರುಚಿಕೊಳ್ಳೋದು ಇದೇ ಕಾರಣಕ್ಕೆ.

ಅದಕ್ಕಿಂತ ದೊಡ್ಡ ಗುಟ್ಟು ಕತ್ತರಿಯಲ್ಲಿದೆ. ಹಾಸು-ಹೊಕ್ಕು ಅಂತೀವಲ್ಲ, ಹಾಸು ಉದ್ದದ ಎಳೆ, ಹೊಕ್ಕು ಅಡ್ಡದ ಎಳೆ. ನಿಮ್ಮ ಕೈಯಲ್ಲಿ ಕರವಸ್ತ್ರ ಇದ್ದರೆ ಈಗಲೇ ಮಾಡಿ ನೋಡಿ. ಉದ್ದಕ್ಕೆ ಎಳೆಯಿರಿ, ಹಿಗ್ಗಲ್ಲ. ಅಡ್ಡಕ್ಕೆ ಎಳೆಯಿರಿ, ಹಿಗ್ಗಲ್ಲ. ಎದುರುಬದುರಿನ ಮೂಲೆ ಹಿಡಿದು ಎಳೆಯಿರಿ, ಹಿಗ್ಗುತ್ತೆ! ಎಳೆಗಳ ನಡುವಿನ ಚೌಕಗಳು ವಜ್ರದ ಆಕಾರಕ್ಕೆ ವಾಲುತ್ತವೆ, ಬಿಟ್ಟರೆ ಮತ್ತೆ ಚೌಕವಾಗುತ್ತವೆ. ನಮ್ಮ ಎಂಜಿನಿಯರಿಂಗ್ ಪುಸ್ತಕದಲ್ಲಿ ಇದಕ್ಕೆ ಶಿಯರ್ ಅಂತಾರೆ, ನಮ್ಮೂರ ಟೇಲರ್‌ಗಳು ಕ್ರಾಸ್ ಕಟಿಂಗ್ ಅಂತಾರೆ. 1920ರ ದಶಕದಲ್ಲಿ ನ್ಯೂಯಾರ್ಕ್‌ನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಅನ್ನುವ ಟೈ ತಯಾರಕ, ಬಟ್ಟೆಯನ್ನು 45 ಡಿಗ್ರಿ ಓರೆಯಾಗಿ ಮೂರು ತುಂಡು ಕತ್ತರಿಸಿ ಜೋಡಿಸುವ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡ. ಇವತ್ತು ಪ್ರಪಂಚದ ಯಾವ ಮೂಲೆಯಲ್ಲಿ ಒಳ್ಳೆಯ ಟೈ ಹೊಲಿದರೂ ಇದೇ ಲೆಕ್ಕ. ಒಂದೇ ತೊಂದರೆ ಏನಪ್ಪಾ ಅಂದ್ರೆ, ಓರೆ ಕತ್ತರಿಸಿದರೆ ಬಟ್ಟೆ ಬಹಳ ವ್ಯರ್ಥ ಆಗುತ್ತೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಟೈನ ಹುಟ್ಟಿನ ಕಥೆ ಎರಡೇ ಮಾತಲ್ಲಿ ಹೇಳ್ತೀನಿ. 17ನೇ ಶತಮಾನದಲ್ಲಿ ಫ್ರಾನ್ಸ್‌ನ ಸೈನ್ಯಕ್ಕೆ ಕೂಲಿಗೆ ಬಂದ ಕ್ರೊಯೇಷಿಯಾದ ಸೈನಿಕರು ಕುತ್ತಿಗೆಗೆ ಬಟ್ಟೆ ಕಟ್ಟುತ್ತಿದ್ದರು, ಪ್ಯಾರಿಸ್‌ನ ಶೋಕಿಲಾಲರು ಅದನ್ನು ಕಾಪಿ ಮಾಡಿದರು, ಕ್ರೋಟ್ ಹೋಗಿ ಕ್ರವಾಟ್ ಆಯಿತು. ಸಾಕು.

ಹಳೇ ಟೈಯ ವಯಸ್ಸು ಕಂಡುಹಿಡಿಯೋದು ಹೇಗೆ? ನನಗೆ ಇದರಲ್ಲೇ ಹೆಚ್ಚು ಮಜಾ. ಮೊದಲು ಅಗಲ ನೋಡಬೇಕು. 1940ರ ದಶಕದ ಕೊನೆಗೆ ಅಮೆರಿಕದ ಟೈ ನಾಲ್ಕೂವರೆ ಇಂಚಿನವರೆಗೂ ಹಿಗ್ಗಿತ್ತು. ಯುದ್ಧ ಮುಗಿದು ಮನೆಗೆ ಬಂದ ಸೈನಿಕನಿಗೆ ಬಣ್ಣ ಬೇಕಿತ್ತು, ತಾಳೆಮರ, ಕುದುರೆ, ಮೀನು ಎಲ್ಲ ಟೈ ಮೇಲೆ ಬಂದವು. 60ರ ದಶಕದ ಆರಂಭಕ್ಕೆ ಅದೇ ಟೈ ಎರಡು ಇಂಚಿಗೆ ಇಳಿಯಿತು. 1967ರಲ್ಲಿ ರಾಲ್ಫ್ ಲಾರೆನ್ ಅನ್ನುವ ಯುವಕ ಮತ್ತೆ ಅಗಲದ ಟೈ ಮಾರಲು ಹೊರಟ. ಆತನ ಸಾಮ್ರಾಜ್ಯ ಶುರುವಾಗಿದ್ದೇ ಟೈನಿಂದ. 70ರ ದಶಕದಲ್ಲಂತೂ ಟೈ ಅಂದರೆ ಎದೆಯ ಮೇಲೆ ಹಾಸಿದ ಟವೆಲ್ಲು.

ಆಮೇಲೆ ಉದ್ದ. 40ರ ದಶಕದ ಟೈ ಈಗಿನದಕ್ಕಿಂತ ನಾಲ್ಕೈದು ಇಂಚು ಗಿಡ್ಡ. ಆಗ ಪ್ಯಾಂಟನ್ನು ಹೊಕ್ಕುಳ ಮೇಲೆ ಕಟ್ಟುತ್ತಿದ್ದರು, ಅಷ್ಟು ಸಾಕಿತ್ತು. ಆಮೇಲೆ ಬಟ್ಟೆ ಯಾವುದು ಅನ್ನೋದು. ಯುದ್ಧದ ಕಾಲದ ಅಮೆರಿಕನ್ ಟೈಗಳಲ್ಲಿ ರೇಷ್ಮೆ ಕಡಿಮೆ, ರೇಯಾನ್ ಜಾಸ್ತಿ. ಯಾಕೆ? 1941ರಲ್ಲಿ ಜಪಾನಿನ ರೇಷ್ಮೆ ಬರೋದು ನಿಂತಿತು, ಇದ್ದ ರೇಷ್ಮೆ ಸೈನ್ಯದ ಪಾಲಾಯಿತು. ಅದೇ ಹೊತ್ತಿಗೆ ಇತ್ತ ನಮ್ಮ ಮೈಸೂರು ಸೀಮೆಯ ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಬಂದಿದ್ದೂ ಪ್ಯಾರಾಚೂಟ್‌ನಿಂದಲೇ.

ಇನ್ನು ಲೇಬಲ್ಲು. ಅಮೆರಿಕದಲ್ಲಿ ಬಟ್ಟೆಯ ಮೇಲೆ ‘ಇಷ್ಟು ರೇಷ್ಮೆ, ಇಷ್ಟು ಪಾಲಿಯೆಸ್ಟರ್’ ಅಂತ ಬರೆಯೋದನ್ನು ಕಡ್ಡಾಯ ಮಾಡುವ ಕಾನೂನು 1960ರಿಂದ ಜಾರಿಗೆ ಬಂತು. ಅಂಗಡಿ ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇದ್ದರೆ 1963ರ ನಂತರದ್ದು. ಕೋಟಿನ ಒಳಜೇಬಿನಲ್ಲಿ ದರ್ಜಿಗಳ ಯೂನಿಯನ್ನಿನ ಚೀಟಿ ಇರುತ್ತೆ; ಆ ಯೂನಿಯನ್ 1976ರಲ್ಲಿ ಇನ್ನೊಂದರ ಜೊತೆ ಸೇರಿ ಹೆಸರು ಬದಲಾಯಿಸಿತು, ಹಾಗಾಗಿ ಹಳೇ ಹೆಸರಿದ್ದರೆ ಕೋಟು ಅದಕ್ಕಿಂತ ಹಿಂದಿನದು. ಇದೇ ಆಟ ನೀವು ನಿಮ್ಮ ಮನೆಯ ಟ್ರಂಕಿನಲ್ಲೂ ಆಡಬಹುದು. ನಮ್ಮಲ್ಲಿ ಪಿನ್‌ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ. ಅಜ್ಜಿಯ ಸೀರೆ ಡಬ್ಬಿಯ ಮೇಲಿನ ಅಂಗಡಿ ವಿಳಾಸದಲ್ಲಿ 583ರಿಂದ ಶುರುವಾಗುವ ಆರಂಕಿ ಇದ್ದರೆ ಅದು ಆ ದಿನಕ್ಕಿಂತ ಹಳೆಯದಲ್ಲ.

ಈಗ ಪಟ್ಟೆಗಳಿಗೆ ಬರೋಣ. ಇಂಗ್ಲೆಂಡ್‌ನಲ್ಲಿ ಪಟ್ಟೆಯ ಟೈ ಅಂದರೆ ಸುಮ್ಮನೆ ಅಲ್ಲ. ಇಂಥ ಪಲ್ಟನ್ನು, ಇಂಥ ಶಾಲೆ, ಇಂಥ ಕ್ಲಬ್ಬು ಅಂತ ಅದರ ಬಣ್ಣವೇ ಹೇಳುತ್ತೆ. ಆ ಪಲ್ಟನ್ನಿಗೆ ಸೇರದವನು ಕಟ್ಟಿದರೆ ಮರ್ಯಾದೆ ಹೋಗುತ್ತೆ. ಅಮೆರಿಕದ ಬ್ರೂಕ್ಸ್ ಬ್ರದರ್ಸ್, ಅಂದರೆ 1818ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಅಂಗಡಿ, ಒಂದು ಉಪಾಯ ಮಾಡಿತು. ಪಟ್ಟೆಯ ದಿಕ್ಕನ್ನೇ ತಿರುಗಿಸಿಬಿಟ್ಟಿತು! ಇಂಗ್ಲಿಷರದು ಕಟ್ಟಿದವನ ಎಡ ಹೆಗಲಿಂದ ಬಲಕ್ಕೆ ಇಳಿದರೆ, ಅಮೆರಿಕದ್ದು ಬಲ ಹೆಗಲಿಂದ ಎಡಕ್ಕೆ. ನಿಮ್ಮ ಟಿವಿ ಪರದೆಯಲ್ಲಿ ನೋಡುವಾಗ ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಇಳಿದಿದ್ದರೆ ಅಮೆರಿಕನ್ ಶೈಲಿ. ಯಾವ ಪಲ್ಟನ್ನಿಗೂ ಸೇರಿದ್ದಲ್ಲ, ಯಾರು ಬೇಕಾದರೂ ಕಟ್ಟಬಹುದು.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನನಗೆ ಅಮೆರಿಕದ ಹಳೇ ಉಡುಪು ಹಿಡಿಸಿದ್ದೇ ಇದಕ್ಕೆ. ಈ ಅಂಗಡಿಯವರು 19ನೇ ಶತಮಾನದ ಮಧ್ಯದಲ್ಲೇ ಸಿದ್ಧ ಸೂಟು ಮಾರಲು ಶುರು ಮಾಡಿದ್ದರು. ಅಬ್ರಹಾಂ ಲಿಂಕನ್ ಗುಂಡೇಟು ತಿಂದ ರಾತ್ರಿ ಮೈಮೇಲಿದ್ದಿದ್ದು ಇವರದೇ ಕೋಟು. ಆಮೇಲೆ ಬಂದ ಅವರ ಕೋಟಿನ ಕಟ್ ನೋಡಿ: ಹೆಗಲಿಗೆ ದಪ್ಪ ಪ್ಯಾಡ್ ಇಲ್ಲ, ಸೊಂಟದಲ್ಲಿ ಬಿಗಿ ಇಲ್ಲ, ಗೋಣಿಚೀಲದ ಹಾಗೆ ನೇರ. ಯಾವ ಮೈಗೂ ಒಗ್ಗುತ್ತೆ. ಮಾಲೀಕನೂ ಅದನ್ನೇ ಹಾಕಿದ, ಗುಮಾಸ್ತನೂ ಅದನ್ನೇ ಹಾಕಿದ. ದೂರದಿಂದ ನೋಡಿದರೆ ಇಬ್ಬರೂ ಒಂದೇ. ಹತ್ತಿರದಿಂದ ನೋಡಿದರೆ ಒಂದೇ ಅಲ್ಲ ಅನ್ನೋದು ಬೇರೆ ಮಾತು.

ಬಟ್ಟೆ ಸಣ್ಣ ವಿಷಯ ಅನ್ನೋರಿಗೆ ಜಪಾನಿನ ಕಥೆ ಹೇಳಬೇಕು. 1964ರ ಸೆಪ್ಟೆಂಬರ್, ಟೋಕಿಯೋ ಒಲಿಂಪಿಕ್ಸ್‌ಗೆ ಇನ್ನು ಕೆಲವೇ ವಾರ. ಅಮೆರಿಕದ ಕಾಲೇಜು ಹುಡುಗರ ಹಾಗೆ ಬಟನ್ ಹಾಕಿದ ಕಾಲರು, ಗಿಡ್ಡ ಪ್ಯಾಂಟು ತೊಟ್ಟು ಗಿಂಜಾ ಬೀದಿಯಲ್ಲಿ ಸುಮ್ಮನೆ ನಿಲ್ಲುತ್ತಿದ್ದ ಸುಮಾರು 200 ಹುಡುಗ ಹುಡುಗಿಯರನ್ನು ಪೊಲೀಸರು ಹಿಡಿದರು. ಮಾಡಿದ ತಪ್ಪು? ಬಟ್ಟೆ ಮತ್ತು ನಿಂತಿದ್ದು. ಮರುವರ್ಷ, 1965ರಲ್ಲಿ, ಅದೇ ಜಪಾನಿನವರು ಅಮೆರಿಕದ ಕಾಲೇಜುಗಳಿಗೆ ಹೋಗಿ ಹುಡುಗರ ಉಡುಪಿನ ಫೋಟೋ ತೆಗೆದು ‘ಟೇಕ್ ಐವಿ’ ಅನ್ನೋ ಪುಸ್ತಕ ಮಾಡಿದರು. ಅಮೆರಿಕದವರು ತಮ್ಮ ಉಡುಪನ್ನೇ ಮರೆತ ಮೇಲೆ, 2010ರಲ್ಲಿ ಆ ಪುಸ್ತಕ ಇಂಗ್ಲಿಷಿನಲ್ಲಿ ಬಂದು, ಅವರ ಅಜ್ಜಂದಿರ ಬಟ್ಟೆ ಹೇಗಿತ್ತು ಅಂತ ಅವರಿಗೇ ತೋರಿಸಿತು. ಬ್ರೂಕ್ಸ್ ಬ್ರದರ್ಸ್ 2020ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು. ನ್ಯೂಯಾರ್ಕ್‌ನಲ್ಲಿ ಅವರ ಟೈ ಹೊಲಿಯುತ್ತಿದ್ದ ಕಾರ್ಖಾನೆಯೂ ಅದೇ ವರ್ಷ ಮುಚ್ಚಿತು. ನನ್ನ ಕಪಾಟಿನಲ್ಲಿ ಅವರ ಟೈಗಳು ನಾಲ್ಕಿವೆ.

ಅಮೆರಿಕದ ಈ ಉಡುಪಿನಲ್ಲಿ ನಮ್ಮ ಪಾಲೂ ಇದೆ ವೀಕ್ಷಕರೇ. ಲುಂಗಿ! ನಮ್ಮ ಚೌಕಳಿ ಲುಂಗಿಯ ಬಟ್ಟೆಗೆ ಅವರು ‘ಮದ್ರಾಸ್’ ಅಂತಾರೆ. 1958ರಲ್ಲಿ ವಿಲಿಯಂ ಜೇಕಬ್‌ಸನ್ ಅನ್ನುವ ಅಮೆರಿಕದ ವ್ಯಾಪಾರಿ ಈ ಕೈಮಗ್ಗದ ಬಟ್ಟೆ ಕೊಂಡ. ಮಾರಿದವರು ಕ್ಯಾಪ್ಟನ್ ಕೃಷ್ಣನ್ ನಾಯರ್, ಆಮೇಲೆ ಲೀಲಾ ಹೋಟೆಲ್‌ಗಳನ್ನು ಕಟ್ಟಿದರಲ್ಲ, ಅವರೇ. ಅವರು ಹೇಳುತ್ತಿದ್ದ ಪ್ರಕಾರ, ‘ಬಣ್ಣ ಬಿಡುತ್ತೆ, ತಣ್ಣೀರಲ್ಲಿ ಮೆಲ್ಲಗೆ ಒಗೆಯಬೇಕು’ ಅಂತ ಎಚ್ಚರಿಕೆ ಕೊಟ್ಟೇ ಮಾರಿದ್ದರು. ಆ ಎಚ್ಚರಿಕೆ ಗಿರಾಕಿಗಳವರೆಗೆ ತಲುಪಲಿಲ್ಲ. ಬ್ರೂಕ್ಸ್ ಬ್ರದರ್ಸ್‌ನಲ್ಲಿ ದುಡ್ಡು ಸುರಿದು ಕೊಂಡ ಅಂಗಿ, ಕೋಟುಗಳು ವಾಷಿಂಗ್ ಮಷಿನ್‌ಗೆ ಹೋಗಿ ಮನೆಯ ಬಟ್ಟೆಗೆಲ್ಲ ಬಣ್ಣ ಹಚ್ಚಿದವು. ಕೇಸು ಹಾಕುವ ಮಾತು ಬಂತು. ಕೊನೆಗೆ ಏನು ಮಾಡಿದರು ಗೊತ್ತಾ? ಬಣ್ಣ ಬಿಡೋದೇ ಇದರ ವಿಶೇಷ, ಪ್ರತಿ ಸಲ ಒಗೆದಾಗಲೂ ಹೊಸ ಬಟ್ಟೆ ಅಂತ ಜಾಹೀರಾತು ಕೊಟ್ಟರು. ಬಟ್ಟೆ ಮತ್ತಷ್ಟು ಮಾರಾಟ ಆಯಿತು! ಮದ್ರಾಸ್ ಚೌಕಳಿಯ ಒಂದು ಟೈ ನನ್ನ ಹತ್ತಿರ ಇದೆ. ನಮ್ಮ ಅವ್ವ ಅದನ್ನು ನೋಡಿ, ‘ಇದ್ಯಾರ ಲುಂಗಿ ಹರದು ಹೊಲದಾರ?’ ಅಂದಿದ್ದಳು.

ಹಾಗಾದರೆ ನಮ್ಮ ಕೊಪ್ಪಳ ಸೀಮೆಯಲ್ಲಿ ಟೈ ಯಾಕೆ ಬರಲಿಲ್ಲ? ತುಂಗಭದ್ರೆಯ ಆಚೆ ದಡ ಹೊಸಪೇಟೆ, ಅದು ಬ್ರಿಟಿಷರ ಮದ್ರಾಸ್ ಪ್ರಾಂತ್ಯ. ಈಚೆ ದಡ ಗಂಗಾವತಿ, ಅದು ನಿಜಾಮರ ಹೈದರಾಬಾದ್ ಸಂಸ್ಥಾನ. ಹೈದರಾಬಾದಿನಲ್ಲಿ ದರ್ಬಾರಿನ ಉಡುಪು ಶೇರವಾನಿ, ತಲೆಗೆ ಕೆಂಪು ರೂಮಿ ಟೋಪಿ. ದೊಡ್ಡವರಾಗಿ ಕಾಣಬೇಕಾದವರು ಕತ್ತಿನವರೆಗೆ ಗುಂಡಿ ಹಾಕುತ್ತಿದ್ದರು. ಟೈಗೆ ಜಾಗವೇ ಇರಲಿಲ್ಲ. 1948ರಲ್ಲಿ ಸಂಸ್ಥಾನ ಹೋಯಿತು, 1956ರಲ್ಲಿ ನಾವು ಕನ್ನಡನಾಡಿಗೆ ಸೇರಿದೆವು, 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದೆವು. ಈ ಅಷ್ಟೂ ಕಾಲ ಟೈ ಅನ್ನೋದು ಫೋಟೋ ಸ್ಟುಡಿಯೋದ ಗೂಟದಲ್ಲಿ, ಕಾನ್ವೆಂಟ್ ಮಕ್ಕಳ ಎಲಾಸ್ಟಿಕ್ಕಿನಲ್ಲಿ ಉಳಿಯಿತು.

ಒಬ್ಬರನ್ನು ಬಿಟ್ಟು. ನಮ್ಮ ಊರುಗಳಲ್ಲಿ ಸೂಟು ಹಾಕಿ, ಟೈ ಕಟ್ಟಿ, ಬಿಸಿಲು ಮಳೆ ಎನ್ನದೆ ವರ್ಷಪೂರ್ತಿ ನಿಂತಿರುವವರು ಒಬ್ಬರೇ. ಬಾಬಾಸಾಹೇಬ್ ಅಂಬೇಡ್ಕರ್. ನೀಲಿ ಸೂಟು, ಕೈಯಲ್ಲಿ ಪುಸ್ತಕ. ಚಿಕ್ಕವನಿದ್ದಾಗ ನಾನು ಕೇಳಿದ್ದೆ, ಗಾಂಧಿ ಮೈಮೇಲೆ ಬಟ್ಟೆ ಇಲ್ಲ, ಇವರು ಯಾಕೆ ಇಷ್ಟು ಬಟ್ಟೆ ಹಾಕಿದ್ದಾರೆ ಅಂತ. ಯಾರೂ ಉತ್ತರ ಹೇಳಲಿಲ್ಲ. ಅಂಬೇಡ್ಕರ್ 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, 1916ರವರೆಗೆ ಅಲ್ಲಿದ್ದರು. ನಾನು ಈಗ ಹೇಳಿದೆನಲ್ಲ, ಮಾಲೀಕ ಗುಮಾಸ್ತ ಇಬ್ಬರೂ ಒಂದೇ ಥರ ಸೂಟು ಹಾಕುವ ಊರು, ಅದೇ ಊರು. ಹುಟ್ಟಿದ ಜಾತಿ ಯಾವುದು ಅಂತ ಉಟ್ಟ ಬಟ್ಟೆಯಿಂದಲೇ ಗೊತ್ತಾಗಬೇಕು ಅಂತ ನಿಯಮ ಮಾಡಿಟ್ಟಿದ್ದ ದೇಶದಿಂದ ಹೋದವರಿಗೆ ಅದು ಏನನ್ನಿಸಿರಬೇಕು? 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಅವರು ಹೆಣ್ಣುಮಕ್ಕಳಿಗೆ ಹೇಳಿದ್ದೂ ಇದನ್ನೇ: ಮೇಲ್ಜಾತಿಯವರು ಉಟ್ಟ ಹಾಗೆ ಸೀರೆ ಉಡಿ, ಗುರುತು ಹಿಡಿಯಲಿಕ್ಕೆ ಅಂತಲೇ ಹಾಕಿಸಿದ ಒಡವೆ ಬಿಚ್ಚಿ. ಅವರ ಟೈ ಶೋಕಿ ಆಗಿರಲಿಲ್ಲ.

2024ರ ಅಕ್ಟೋಬರ್ 24. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಹಚ್ಚಿದ ಪ್ರಕರಣದಲ್ಲಿ ಕೊಪ್ಪಳದ ಸೆಷನ್ಸ್ ಕೋರ್ಟ್ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟ ದಿನ. ಪ್ರಕರಣ ಆಮೇಲೆ ಹೈಕೋರ್ಟಿಗೂ ಹೋಯಿತು. ಆ ಊರಲ್ಲಿ ಕ್ಷೌರದಂಗಡಿಗೆ, ಹೋಟೆಲ್ಲಿಗೆ ದಲಿತರನ್ನು ಬಿಡುತ್ತಿರಲಿಲ್ಲ ಅನ್ನೋದೇ ಜಗಳದ ಬೇರು. ಆ ಸುದ್ದಿ ಓದಿದ್ದು ನಾನು. ಅವತ್ತು ಕಟ್ಟಿದ್ದು ಕಡುನೀಲಿ ರೇಷ್ಮೆ ಟೈ, 1962ರ ಆಸುಪಾಸಿನದು, ಎರಡೂಕಾಲು ಇಂಚು. ಟೈ ಕಟ್ಟಿಕೊಂಡಿದ್ದಕ್ಕೆ ನನ್ನನ್ನು ಯಾರೂ ಏನೂ ಕೇಳಲ್ಲ ಅನ್ನೋದು ಅವತ್ತು ಹೊಳೆಯಿತು. ಬರದ ದಿನ ಕೇಳಿದ ಆ ಒಬ್ಬರನ್ನು ಬಿಟ್ಟು.

ಅವರ ಪ್ರಶ್ನೆಗೆ ಒಂದು ಸುಲಭದ ಉತ್ತರ ಇತ್ತು. ಟೈ ನಮ್ಮ ಯೂನಿಫಾರಂ, ಮೈಕ್ ಸಿಕ್ಕಿಸಲಿಕ್ಕೂ ಬೇಕು. ಇದು ನಿಜ. ಕ್ಯಾಮೆರಾಕ್ಕೂ ನೂರೆಂಟು ರಗಳೆ ಇದೆ. ತೀರಾ ಸಣ್ಣ ಗೆರೆಯ ಟೈ ಕಟ್ಟಿದರೆ ಪರದೆ ಮೇಲೆ ಇರುವೆ ಹರಿದಂತೆ ಕಾಣುತ್ತೆ, ಹಸಿರು ಪರದೆ ಮುಂದೆ ಹಸಿರು ಟೈ ಕಟ್ಟಿದರೆ ಎದೆಯಲ್ಲಿ ತೂತು ಬಿದ್ದು ಹಿಂದಿನ ವಿಧಾನಸೌಧ ಕಾಣುತ್ತೆ. ಟೇಬಲ್ ಕೆಳಗೆ ನಾವು ಹವಾಯಿ ಚಪ್ಪಲಿ ಹಾಕಿರ್ತೀವಿ ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ಆದರೆ ಅವರು ಕೇಳಿದ್ದು ಅದನ್ನಲ್ಲ. ನಿನ್ನ ಶೋಕಿಯ ಖರ್ಚು ಯಾರದು ಅಂತ ಕೇಳಿದ್ದು.

ಇಲ್ಲಿ ಒಂದು ಹಳೇ ಲೆಕ್ಕ ನೆನಪಾಗುತ್ತೆ. ಹೈದರಾಬಾದ್‌ಗೆ ಹೋದವರು ಸಾಲಾರ್ ಜಂಗ್ ಮ್ಯೂಸಿಯಂ ನೋಡದೆ ಬರಲ್ಲ. ಒಬ್ಬನೇ ಮನುಷ್ಯ, ಮೂರನೇ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್, ಜೀವಮಾನವಿಡೀ ಸಂಗ್ರಹ ಮಾಡಿದ. ಗಡಿಯಾರ, ದಂತದ ಕುರ್ಚಿ, ಚಿತ್ರ, ಬಟ್ಟೆ, ಆಯುಧ. ಮದುವೆಯಾಗಲಿಲ್ಲ, 1949ರಲ್ಲಿ ತೀರಿಕೊಂಡ, 1951ರಲ್ಲಿ ನೆಹರೂ ಬಂದು ಮ್ಯೂಸಿಯಂ ತೆರೆದರು. ಸರಿ. ಇಷ್ಟೆಲ್ಲ ಕೊಳ್ಳೋಕೆ ದುಡ್ಡು ಎಲ್ಲಿಂದ ಬಂತು? ಜಹಗೀರಿನ ಕಂದಾಯದಿಂದ. ಕೊಪ್ಪಳ, ಯಲಬುರ್ಗಾ ಎರಡೂ ಸಾಲಾರ್ ಜಂಗ್ ಮನೆತನದ ಜಹಗೀರು! ನಮ್ಮ ಮುತ್ತಜ್ಜಂದಿರ ಜೋಳ, ಸಜ್ಜೆಯ ಪಾಲು ಆ ಗಡಿಯಾರದಲ್ಲಿ ಟಿಕ್ ಟಿಕ್ ಅಂತಿದೆ. ಮ್ಯೂಸಿಯಂನಲ್ಲಿ ಯಾರು ತಂದರು ಅಂತ ಹೆಸರಿದೆ. ಕಂದಾಯ ಕಟ್ಟಿದವರ ಹೆಸರು ಹಾಕುವ ಪದ್ಧತಿ ಇಲ್ಲ. ನನ್ನ ಕಪಾಟು ಆ ಮಟ್ಟದ್ದಲ್ಲ ಬಿಡಿ, ಆದರೆ ನನ್ನ ಸಂಬಳ ಬರೋದೂ ನೀವು ನೋಡುವ ಜಾಹೀರಾತಿನಿಂದಲೇ.

ಬರದ ವರ್ಷ ಕಳೆದ ಮೇಲೆ ಊರಿಗೆ ಹೋದಾಗ ಆ ವೀಕ್ಷಕರನ್ನು ಹುಡುಕಿಕೊಂಡು ಹೋದೆ. ದೋಟಿಹಾಳ, ಕುಷ್ಟಗಿ ತಾಲ್ಲೂಕು. ಎಪ್ಪತ್ತು ದಾಟಿದ ಅಜ್ಜ. ಎರಡು ಎಕರೆ ಒಣಭೂಮಿ, ಮನೆಯೊಳಗೆ ಕುಣಿಮಗ್ಗ. ಇಳಕಲ್ ಸೀರೆ ಅಂತ ಹೆಸರು ಇಳಕಲ್ಲಿಗೆ ಹೋಗುತ್ತೆ, ನೇಯೋದು ದೋಟಿಹಾಳ, ಹನುಮಸಾಗರದಲ್ಲೂ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದೊಂದು ಸೀರೆಗೂ ಮತ್ತೆ ಮತ್ತೆ ಕೂಡಿಸಬೇಕು. ಅಜ್ಜ ಅದನ್ನೇ ಮಾಡ್ತಿದ್ದರು. ಕೆಲಸ ನಿಲ್ಲಿಸದೆ, ‘ಬಂದೇನಪಾ? ಟೈ ಎಲ್ಲಿ?’ ಅಂದರು.

ಬ್ಯಾಗಿನಲ್ಲಿತ್ತು, ಕೊಟ್ಟೆ. ಏರಿಯ ಹಾಗೆ ಸಣ್ಣ ಗೆರೆ ಎದ್ದಿರುವ ಪಟ್ಟೆಯ ಟೈ. ಅದಕ್ಕೆ ರೆಪ್ ಅಂತಾರೆ, ಆ ಗೆರೆ ಹೇಗೆ ಏಳುತ್ತೆ ಅಂತ ತಿಳಿಯಲಿಕ್ಕೆ ನನಗೆ ಆರು ತಿಂಗಳು, ಮೂರು ಪುಸ್ತಕ ಬೇಕಾಗಿತ್ತು. ಅಜ್ಜ ಹೆಬ್ಬೆರಳಿನಲ್ಲಿ ಒಂದು ಸಲ ಉಜ್ಜಿದರು. ‘ಹಾಸು ಸಣ್ಣದು, ಹೊಕ್ಕು ದಪ್ಪ ಹಾಕ್ಯಾರ. ಅದಕ್ಕ ಏರಿ ಎದ್ದೈತಿ.’ ಆಮೇಲೆ ತಿರುಗಿಸಿ ಬೆಳಕಿಗೆ ಹಿಡಿದು ನೋಡಿ, ‘ಓರಿ ಕತ್ತರಸ್ಯಾರಲ್ಲೋ! ಮೂಲಿ ಎಲ್ಲಾ ಹಾಳು. ನೇಯ್ದಾಂವ ನೋಡಿದ್ರ ಅತ್ತಿರತಾನ’ ಅಂದರು.

ಎಷ್ಟಕ್ಕೆ ಬಂತು ಅಂತ ಕೇಳಿದರು. ನಾನು ಮೊದಲು ಅವರ ಸೀರೆಯ ಕೂಲಿ ಕೇಳಿದೆ. ಅವರು ಹೇಳಿದರು. ನಾನು ಟೈಯ ಬೆಲೆಯನ್ನು ಅರ್ಧ ಮಾಡಿ ಹೇಳಿದೆ. ಅರ್ಧವೇ ಜಾಸ್ತಿ ಆಯಿತು. ಅಜ್ಜ ಏನೂ ಅನ್ನಲಿಲ್ಲ, ಲಾಳಿ ಎತ್ತಿಕೊಂಡರು.

ಅಪ್ಪನ ಫೋಟೋವನ್ನೂ ತೋರಿಸಿದೆ. ನನ್ನ ತನಿಖೆ ಅಷ್ಟರಲ್ಲಿ ಮುಗಿದಿತ್ತು: ಅಗಲ ನಾಲ್ಕಿಂಚಿಗೂ ಮಿಗಿಲು, 70ರ ದಶಕದ ಅಳತೆ. ಪಟ್ಟೆ ಫೋಟೋದಲ್ಲಿ ಎಡ ಮೇಲಿಂದ ಬಲ ಕೆಳಕ್ಕೆ, ಅಮೆರಿಕದ ದಿಕ್ಕು. ಕೋಟಿನ ಎದೆಜೇಬು ಎಡಗಡೆಯೇ ಇದೆ, ಅಂದರೆ ಫೋಟೋ ತಿರುಗುಮುರುಗಾಗಿ ಪ್ರಿಂಟ್ ಆಗಿಲ್ಲ. ಅಂದಮಾತ್ರಕ್ಕೆ ಅಮೆರಿಕದಿಂದ ಬಂದ ಟೈ ಅಂತ ಹೇಳಲಾರೆ, ಬಾಂಬೆಯ ಯಾರೋ ಕ್ಯಾಟಲಾಗ್ ನೋಡಿ ನಕಲು ಹೊಡೆದಿರಬಹುದು. ಅಜ್ಜ ಟೈ ನೋಡಲಿಲ್ಲ. ಅಪ್ಪನ ಮುಖ ನೋಡಿ, ‘ಅವತ್ತು ದೊಡ್ಡ ಸಾಹೇಬ ಆಗಿದ್ದಾನ ನೋಡು’ ಅಂತ ನಕ್ಕರು. ‘ನಾನೂ ತೆಗಸೇನಿ ಅಂಥಾದ್ದ. ಕುಷ್ಟಗಿ ಒಳಗ.’

ಚಹಾ ತಂದ ಅಜ್ಜಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಪಡಸಾಲೆಯಲ್ಲಿ ಅರ್ಧ ಹೊಲಿದ ಕೌದಿ ಹಾಸಿತ್ತು. ಹಳೇ ಸೀರೆ, ಹಳೇ ಧೋತರ, ಯಾರದೋ ಶಾಲೆಯ ಅಂಗಿ. ನಮ್ಮ ಕಡೆ ಹಳೇ ಬಟ್ಟೆಯ ಸಂಗ್ರಹ ಅಂದರೆ ಇದೇ, ಕಪಾಟಿನಲ್ಲಿಡಲ್ಲ, ಹೊದ್ದುಕೊಳ್ತಾರೆ. ಅಜ್ಜಿ ಟೈಯನ್ನು ಕೈಗೆ ತಗೊಂಡು, ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿದರು. ಮಡಿಕೆ ಬೀಳದೆ ಬಾಗಿತು.

‘ಹರದ ಮ್ಯಾಲೆ ಒಗಿಬ್ಯಾಡೋ ಯಪ್ಪಾ,’ ಅಂದರು. ‘ಓರಿ ಕತ್ತರಸಿದ ಪಟ್ಟಿ ಮೂಲ್ಯಾಗ ಚಂದ ತಿರಗತೈತಿ. ಕೌದಿಗೆ ಅಂಚ ಆಕ್ಕೈತಿ.’

ನುಸಿ ತಿಂದ ಎರಡು ಟೈ ಇದ್ದವು, ಒಂದು 1950ರ ದಶಕದ್ದು. ಆ ತಿಂಗಳೇ ದೋಟಿಹಾಳಕ್ಕೆ ಕಳಿಸಿದೆ.